ಹೊಳಿಯವ್ವನ ಎಂಟು ಸಾವಿರ ಡೆಸಿಬಲ್

ಹೊಳಿಯವ್ವ ಮೆಲ್ಲಗೆ ಮಾತಾಡಿದ್ದನ್ನು ಕೇಳಿದವರು ಬ್ಯಾಡಗಿಯಲ್ಲಿ ಯಾರೂ ಇಲ್ಲ. ಗುಟ್ಟು ಹೇಳಬೇಕೆಂದು ಆಕೆ ಪಕ್ಕದವಳ ಕಿವಿಗೆ ಬಾಯಿ ಹಚ್ಚಿದರೆ, ಆ ಗುಟ್ಟು ಮೊದಲು ರೈಲ್ವೆ ಸ್ಟೇಷನ್ನಿಗೆ ಮುಟ್ಟಿ ಆಮೇಲೆ ಪಕ್ಕದವಳಿಗೆ ಮುಟ್ಟುತ್ತಿತ್ತು. ಗಂಡ ಹುಲಿಗೇಶ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವವನು. ಅವನಿಗೆ ಎಡಗಿವಿ ಮಂದ. ಯಾಕಪ್ಪಾ ಎಂದು ಯಾರಾದರೂ ಕೇಳಿದರೆ, "ಮದಿವಿ ಆದಾಗ ಎರಡೂ ಚಲೋ ಇದ್ದುವ್ರಿ. ನಾ ಆಕಿ ಬಲಕ್ಕ ಮಲಗತೇನಿ, ಅದಕ್ಕ ಎಡಗಿವಿ ಹೋತು. ಈಗ ಮಗ್ಗಲಾ ಬದಲ್ ಮಾಡೂಣು ಅಂದ್ರ ಇನ್ನೊಂದೂ ಹೋಗತೈತಿ" ಎನ್ನುತ್ತಿದ್ದ.

ಆಕೆ ಹುಟ್ಟಿದ್ದು ಐರಣಿಯಲ್ಲಿ, ತುಂಗಭದ್ರೆಯ ದಂಡೆಯಲ್ಲಿ. ಅಪ್ಪ ಹರಗೋಲು ಹಾಕುತ್ತಿದ್ದ. ಆಚೆ ದಂಡೆಯಲ್ಲಿ ಬೀಡಿ ಸೇದುತ್ತ ಕೂತ ಅಪ್ಪನನ್ನು ಉಣ್ಣಲಿಕ್ಕೆ ಕರೆಯುವುದು ಮಗಳ ಕೆಲಸ. ಬೆಳಗಿನ ತಂಪಿನಲ್ಲಿ ಈ ಕೆಲಸಕ್ಕೆ ಕಷ್ಟವಿರಲಿಲ್ಲ. ಕೂಗು ನೀರಿನ ಮೇಲೆ ತೆವಳಿಕೊಂಡು ಹೋಗಿ ಅಪ್ಪನ ಕಿವಿ ಹಿಡಿಯುತ್ತಿತ್ತು. ಬಿಸಿಲೇರಿದ ಮೇಲೆ ಮಾತ್ರ ಅದೇ ಕೂಗು ಬಿಸಿ ಗಾಳಿಯ ಜೊತೆ ಮುಗಿಲಿಗೆ ಎದ್ದು ಹದ್ದಿನ ಪಾಲಾಗುತ್ತಿತ್ತು. ಅಪ್ಪ ಉಣ್ಣುತ್ತಿದ್ದದ್ದು ಮಧ್ಯಾಹ್ನವೇ ಆದ್ದರಿಂದ ಹೊಳಿಯವ್ವ ಮಧ್ಯಾಹ್ನದ ದನಿಯನ್ನೇ ಬೆಳೆಸಿಕೊಂಡಳು. ಹೊಕ್ಕಳಿನಿಂದ ಹೊರಡುವ ದನಿ.

ಅದೇ ಹೊಳೆಯಲ್ಲಿ ಒಮ್ಮೆ ಆಕೆಯ ಒಂದು ಚಪ್ಪಲಿ ಜಾರಿ ನೀರಿಗೆ ಬಿತ್ತು. ನಿಂತ ನೀರಿನ ಮಡುವು. ಚಪ್ಪಲಿಯ ಆಚೆಗೆ ಕಲ್ಲೆಸೆದರೆ ತೆರೆ ಎದ್ದು ಅದನ್ನು ದಂಡೆಗೆ ದೂಡಿಕೊಂಡು ಬರುತ್ತದೆಂದು ಲೆಕ್ಕ ಹಾಕಿದಳು. ಕಲ್ಲೆಸೆದಳು. ತೆರೆ ಬಂದು ಕಾಲು ತೋಯಿಸಿತು. ಚಪ್ಪಲಿ ಇದ್ದಲ್ಲೇ ಎದ್ದು, ಇದ್ದಲ್ಲೇ ಕೂತಿತು. ಬೊಗಸೆ ಬೊಗಸೆ ಹರಳು ಖರ್ಚಾದರೂ ಇದೇ ಹಣೆಬರಹ. ಕೊನೆಗೆ ಸಿಟ್ಟು ನೆತ್ತಿಗೇರಿ, ಕಾಲಲ್ಲಿದ್ದ ಇನ್ನೊಂದು ಚಪ್ಪಲಿಯನ್ನೂ ಬೀಸಿ ಒಗೆದು ಬರಿಗಾಲಲ್ಲಿ ಮನೆಗೆ ಹೋದಳು. ತೆರೆ ಮುಂದಕ್ಕೆ ಹೋಗುತ್ತದೆ, ಅದರ ಮೇಲೆ ಕೂತದ್ದು ಹೋಗುವುದಿಲ್ಲ. ಘೋಷಣೆ ಕೂಗಿ ಕೂಗಿ ಕೂದಲು ಹಣ್ಣು ಮಾಡಿಕೊಂಡ ಎಷ್ಟೋ ಮಂದಿಗೆ ಇದು ಇನ್ನೂ ತಲೆಗೆ ಹೋಗಿಲ್ಲ. ಆಕೆಗೆ ಎಂಟನೇ ವಯಸ್ಸಿಗೇ, ಒಂದು ಜೊತೆ ಚಪ್ಪಲಿಯ ಲುಕ್ಸಾನಿನಲ್ಲಿ ತಲೆಗೆ ಹೋಯಿತು.

ಬ್ಯಾಡಗಿಗೆ ಸೊಸೆಯಾಗಿ ಬಂದ ಮೇಲೆ ದನಿಗೆ ಇನ್ನಷ್ಟು ಕಸುವು ಬಂತು. ಅಲ್ಲಿ ಹೆಂಗಸರಿಗೆ ಸಿಗುವ ಕೆಲಸ ಮೆಣಸಿನಕಾಯಿಯ ತುಂಬು ಬಿಡಿಸುವುದು. ತುಂಬು ಎಂದರೆ ತೊಟ್ಟು. ರಾಶಿಯ ಮುಂದೆ ಕೂತು ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿಯಬೇಕು. ಘಾಟು ತಡೆಯಲಿಕ್ಕೆ ಎಲ್ಲರೂ ಮೂಗು ಬಾಯಿಗೆ ಅರಿವೆ ಬಿಗಿದುಕೊಂಡಿರುತ್ತಾರೆ. ಅರಿವೆಯ ಒಳಗಿಂದ ಆಡಿದ ಮಾತು ಹೊರಗೆ ಬರುವಷ್ಟರಲ್ಲಿ ಅರ್ಧ ಸತ್ತಿರುತ್ತದೆ. ಹಾಗಾಗಿ ಅಲ್ಲಿ "ತಂಬಿಗಿ ಇತ್ತಾಗ ಕೊಡ" ಎನ್ನುವುದನ್ನೂ ಹಿಂದಿನ ಜನ್ಮದ ದಾಯಾದಿಯ ಮೇಲೆ ಬಿದ್ದ ಹಾಗೆಯೇ ಹೇಳಬೇಕು. ಹೊಸಬರು ನೋಡಿದರೆ ಹೆಂಗಸರೆಲ್ಲ ಜಗಳಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅವರು ಪಲ್ಯದ ಸುದ್ದಿ ಮಾತಾಡುತ್ತಿರುತ್ತಾರೆ.

ಆಕೆ ದುಡಿಯುತ್ತಿದ್ದದ್ದು ಪ್ರಭುಲಿಂಗಪ್ಪ ಎಂಬ ಸಾವ್ಕಾರನ ಕೋಲ್ಡ್ ಸ್ಟೋರೇಜಿನಲ್ಲಿ. ಒಳಗೆ ಮೆಣಸಿನಕಾಯಿ ಚೀಲಗಳು ಗಡಗಡ ನಡುಗುವಷ್ಟು ತಂಪು. ಹೊರಗೆ ಹಿತ್ತಲಿನ ಬಯಲಿನಲ್ಲಿ ನೂರು ಹೆಂಗಸರು, ಅವರ ತಲೆಯ ಮೇಲೆ ನೇರ ಸೂರ್ಯ. ಒಂದು ಬೇವಿನಮರ ಇತ್ತು. ಲಾರಿ ತಿರುಗಿಸಲಿಕ್ಕೆ ಅಡ್ಡ ಬರುತ್ತದೆಂದು ಸಾವ್ಕಾರ ಅದನ್ನು ಕಡಿಸಿ ಹಾಕಿದ್ದ.

ಈ ವರ್ಷ ಶಿವರಾತ್ರಿ ಮುಗಿದದ್ದೇ ತಡ, ಬಿಸಿಲು ಹಲ್ಲು ಕಿರಿಯಿತು. ಹೊಳಿಯವ್ವನ ಅಕ್ಕನ ಮಗಳು ಬೀರವ್ವ, ಎಳೆಗೂಸಿನ ತಾಯಿ, ಕೆಲಸ ಮಾಡುತ್ತಲೇ ಮೆಣಸಿನಕಾಯಿ ರಾಶಿಯ ಮೇಲೆ ಮುಂದಕ್ಕೆ ಬಿದ್ದಳು. ಪಕ್ಕದಲ್ಲಿ ಗೋಣಿತಟ್ಟಿನ ನೆರಳಿಗೆ ಹಾಕಿದ್ದ ಕೂಸು ಚೀರತೊಡಗಿತು. ಹೊಳಿಯವ್ವ ಅವಳನ್ನು ಹೊತ್ತುಕೊಂಡು ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಓಡಿದರೆ ಕಾವಲಿನವನು ಅಡ್ಡ ನಿಂತ.

"ಒಳಗ ಮಂದೀನ ಬಿಡಂಗಿಲ್ಲಬೇ. ಮೈ ಬಿಸಿಗೆ ಮಾಲು ಕೆಡತೈತಿ."

ತೊಟ್ಟಿಯ ನೀರು ಹೊಡೆದ ಮೇಲೆ ಬೀರವ್ವ ಕಣ್ಣು ಬಿಟ್ಟಳು. ಹೊಳಿಯವ್ವ ಅಂದಳು: "ನೆರಳು ಆಗೂಮಟ ನೀ ಇಲ್ಲಿ ಕಾಲಿಡಬ್ಯಾಡ."

"ಅಲ್ಲೀಮಟ ಉಣ್ಣೂದೇನು ಚಿಗವ್ವಾ?"

"ನನ್ನ ಮನ್ಯಾಗ ಉಣ್ಣು. ನಿಮ್ಮ ಕಾಕಾಗ ಅರ್ಧ ಹೊಟ್ಟಿ ಆಗತೈತಿ, ಆಗ್ಲಿ. ಅವಗ ಹೆಂಗೂ ಅರ್ಧಾನ ಕೇಳಸ್ತೈತಿ."

ಮರುದಿನ ಆಕೆ ಚಾವಣಿ ಕೇಳಲಿಕ್ಕೆ ಸಾವ್ಕಾರನ ಮುಂದೆ ನಿಂತಳು. ಪ್ರಭುಲಿಂಗಪ್ಪ ಕೆಟ್ಟವನೇನಲ್ಲ. ಅವನಿಗೆ ಮೆಣಸಿನಕಾಯಿ ಬಿಟ್ಟು ಬೇರೇನೂ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ.

"ಬಿಸಲು ಏನ್ ನಾ ತಂದೀನೇನಬೇ, ಹೊಳಿಯವ್ವ?"

"ಬಿಸಲು ನೀವ್ ತಂದಿಲ್ರೀ. ಬೇವಿನಗಿಡ ನೀವ್ ಕಡಸೀರಿ."

ಆತ ಚಾವಣಿ ಹಾಕಿಸುವುದಿಲ್ಲ ಅಂದ. ಇವರು ಗೇಟಿನ ಮುಂದೆ ಕೂತರು. ಹೊಳಿಯವ್ವ ಒಂದು ಸಲ ಕೂಗುವುದು, ನೂರು ಮಂದಿ ತಿರುಗಿ ಕೂಗುವುದು. ಮೈಕು ಬೇಕಾಗಲಿಲ್ಲ. ಬೇಡಿಕೆಯೂ ಒಂದೇ: ಕೂತಲ್ಲಿ ನೆರಳು.

ಸಾವ್ಕಾರ ಪೊಲೀಸರಿಗೆ ಹೇಳಲಿಲ್ಲ. ಅದಕ್ಕಿಂತ ಜಾಣತನ ಮಾಡಿ, ಶಬ್ದ ಮಾಲಿನ್ಯ ನೋಡುವ ಹಾವೇರಿಯ ಕಚೇರಿಗೆ ದೂರು ಕೊಟ್ಟ. ಹೆಂಗಸರ ದನಿಯ ತರಂಗಗಳು ಗೋಡೆ ತೂರಿ ಒಳಗೆ ಬಂದು ಮೆಣಸಿನಕಾಯಿಗೆ ಬಡಿಯುತ್ತಿವೆ, ಅದರಿಂದ ಕಾಯಿಯ ಕೆಂಪು ಇಳಿಯುತ್ತಿದೆ ಎಂದು. ಬ್ಯಾಡಗಿಯಲ್ಲಿ ಮನುಷ್ಯನ ಬಣ್ಣ ಇಳಿದರೆ ಯಾರೂ ಕೇಳುವುದಿಲ್ಲ. ಮೆಣಸಿನಕಾಯಿಯ ಬಣ್ಣ ಅಂದರೆ ಸರಕಾರವೂ ಎದ್ದು ಕೂರುತ್ತದೆ. ಕಚೇರಿಯಿಂದ ಗುರುರಾಜ ಎಂಬಾತ ಡೆಸಿಬಲ್ ಮೀಟರು ಹಿಡಿದು ಬಂದ.

ಮೂವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಅಂಗಿ, ಮೀಟರನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡಿದ್ದ. ಅದರ ನೆತ್ತಿಗೆ ಕರಿ ಸ್ಪಂಜಿನ ಉಂಡೆ. ಹೊಳಿಯವ್ವನ ಗೆಳತಿ ಗದಿಗೆವ್ವ, ಯಾರನ್ನೂ ಚುಚ್ಚದೆ ಬಿಡುವವಳಲ್ಲ, ಬಗ್ಗಿ ನೋಡಿ ಅಂದಳು: "ಸಾಹೇಬ್ರ, ಎಳ್ಳುಂಡಿ ಕಡ್ಡಿಗೆ ಚುಚಗೊಂಡ ತಂದೀರಲ್ಲ, ಎಲ್ಲಾರಿಗೂ ಸಾಲತೈತೇನ?"

"ಮುಟ್ಟಬ್ಯಾಡ್ರಿ, ಭಾಳ ನಾಜೂಕದ ಅದು," ಎಂದ ಗುರುರಾಜ. "ಈಗ ಒಬ್ಬರಽ ಕೂಗ್ರಿ."

ಗದಿಗೆವ್ವ ಕೂಗಿದಳು. ಎಂಬತ್ತು ಬಂತು. ಹತ್ತು ಮಂದಿ ಕೂಗಿದರು. ತೊಂಬತ್ತು. ನೂರು ಮಂದಿ ಕರುಳು ಕಿತ್ತು ಬರುವ ಹಾಗೆ ಕೂಗಿದರು. ನೂರು.

ಹೊಳಿಯವ್ವನಿಗೆ ಇದು ಹಿಡಿಸಲಿಲ್ಲ. "ಒಬ್ಬಾಕಿ ಎಂಬತ್ತು, ನೂರು ಮಂದಿ ಬರೇ ನೂರು? ಉಳದದ್ದು ಎಲ್ಲಿಗೆ ಹೋತು? ನಿಮ್ಮ ಉಂಡಿ ತಿಂತೇನು?"

"ಎಲ್ಲೂ ಹೋಗಿಲ್ರಿ. ಶಬ್ದದ ಲೆಕ್ಕಾನೇ ಹಂಗದ," ಎಂದು ಗುರುರಾಜ ನಿಧಾನವಾಗಿ ಬಿಡಿಸಿ ಹೇಳಿದ. ಮನುಷ್ಯ ಸುಳ್ಳು ಹೇಳುವವನಲ್ಲ. ಶಕ್ತಿ ಹತ್ತುಪಟ್ಟು ಆದಾಗ ಮೀಟರಿನಲ್ಲಿ ಹತ್ತೇ ಅಂಕಿ ಏರುತ್ತದೆ. ಹತ್ತು ಅಂಕಿ ಏರಿದಾಗ ನಮ್ಮ ಕಿವಿಗೆ ದನಿ ಎರಡುಪಟ್ಟು ಆದ ಹಾಗೆ ಕೇಳುತ್ತದೆ. ಇಪ್ಪತ್ತು ಏರಿದರೆ ನಾಲ್ಕುಪಟ್ಟು. "ಅಂದ್ರ, ನೂರು ಮಂದಿ ಕೂಡಿ ಕೂಗಿದ್ರೂ ಕೇಳವರ ಕಿವಿಗೆ ಒಬ್ಬಾಕಿಗಿಂತ ನಾಲ್ಕುಪಟ್ಟು ಅಷ್ಟಽ ಆಗ್ತದ."

"ಅಂದ್ರ ನಾವ್ ನಾಕ ಮಂದಿ ಅಂತೀರೇನು?"

"ನಾ ಅನ್ನಲಿಕ್ಕೆ ಹತ್ತಿಲ್ರಿ. ಕಿವಿ ಅಂತದ."

ಪಕ್ಕದಲ್ಲಿ ನಿಂತಿದ್ದ ಪ್ರಭುಲಿಂಗಪ್ಪನ ಮುಖ ಬಟ್ಟಲಿನಷ್ಟು ಅಗಲವಾಯಿತು. ನೂರು ಮಂದಿಗೆ ನೆರಳು ಕೊಡಲಿಕ್ಕೆ ಆಗುವುದಿಲ್ಲ, ನಾಲ್ಕು ಮಂದಿಗಾದರೆ ಈಗಲೇ ತಯಾರು ಎಂದು ಗುರುರಾಜನ ಎದುರಿಗೇ ಒಪ್ಪಿಕೊಂಡ. ಸಂಜೆಯೊಳಗೆ ಕಾಯಿಪಲ್ಲೆ ಮಾರುವವರು ಹಾಕುವಂಥ ಒಂದು ದೊಡ್ಡ ಕೊಡೆ ಬಂತು. ಅದನ್ನು ಕಾಂಪೌಂಡ್ ಗೋಡೆಯ ಮಗ್ಗುಲಿಗೆ, ಉದ್ದ ಬಿದಿರಿನ ಬಂಬಿನ ತುದಿಗೆ ಕಟ್ಟಿದರು. ಚಳವಳಿ ಗೆದ್ದಿತೆಂದು ಯಾರೋ ಫೋಟೋ ಬೇರೆ ತೆಗೆದರು.

ಮರುದಿನ ಕೊಡೆಯ ನೆರಳು ನಡೆಯತೊಡಗಿತು. ಬೆಳಿಗ್ಗೆ ಅದು ಬಂಬಿನಿಂದ ಅಷ್ಟು ದೂರ, ಲಾರಿ ನಿಲ್ಲುವ ಜಾಗದಲ್ಲಿ ಬಿತ್ತು. ನೂರು ಹೆಂಗಸರು ರಾಶಿಯನ್ನು ತಟ್ಟಿನಲ್ಲಿ ಎಳೆದುಕೊಂಡು ಅದರ ಬೆನ್ನು ಹತ್ತಿದರು. ನಾಲ್ಕು ಮಂದಿ ಒಳಗೆ, ಉಳಿದವರು ಅದರ ಅಂಚಿಗೆ ಮೂಗು ಹಚ್ಚಿಕೊಂಡು. ಸೂರ್ಯನ ಬೆಳಕು ನೆಟ್ಟಗೆ ಹೋಗುತ್ತದೆ, ಯಾರ ಮುಲಾಜಿಗೂ ಡೊಂಕಾಗುವುದಿಲ್ಲ. ಅದು ಇತ್ತ ಸರಿದ ಹಾಗೆ ನೆರಳು ಅತ್ತ ಸರಿಯಿತು, ರಾಶಿಯೂ ಸರಿಯಿತು. ನಡುಹೊತ್ತಿಗೆ ಎಲ್ಲರೂ ಬಂಬಿಗೆ ಡಿಕ್ಕಿ. ಇಳಿಹೊತ್ತಿಗೆ ನೆರಳು ಕಾಂಪೌಂಡು ಹಾರಿ ರಸ್ತೆಯ ಮೇಲೆ ಹೋಗಿ ಬಿತ್ತು. ಅಲ್ಲಿ ಯಾರದೋ ಎಮ್ಮೆಯೊಂದು ಅದರಡಿ ಮಲಗಿ ಮೆಲುಕು ಹಾಕತೊಡಗಿತು.

ಗೋಡೆಯ ಮೇಲಿಂದ ಇಣುಕಿ ಗದಿಗೆವ್ವ ಅಂದಳು: "ನಾಕ ಮಂದಿ ಲೆಕ್ಕ ಖರೇ ಆತು ನೋಡ, ಹೊಳಿ. ಎಮ್ಮಿಗೆ ನಾಕ ಕಾಲ."

ಹೊಳಿಯವ್ವ ನಗಲಿಲ್ಲ. ಮನೆಯಲ್ಲಿ ಬೀರವ್ವ "ನಾಳೆ ಬರ್ತೇನಿ ಚಿಗವ್ವಾ, ಎಷ್ಟಂತ ನಿಮ್ಮ ಕೂಳು ಉಣ್ಲಿ" ಎಂದು ಎರಡು ದಿನದಿಂದ ಹಟ ಹಿಡಿದಿದ್ದಳು. ಕೂಸನ್ನು ಹಾಕುವುದು ಎಲ್ಲಿ, ಎಮ್ಮೆಯ ಮಗ್ಗುಲಿಗೋ? ಆಕೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದಳು. ಕೂಡಿದರೆ ನಾಲ್ಕಾಗುತ್ತೇವೆ ಎಂದಾದರೆ ಕೂಡುವುದು ಯಾಕೆ?

"ಏ ಗದಿಗಿ, ನಾಳೆ ಯಾರೂ ಒಂದ ಕಡೆ ನಿಂದರಬ್ಯಾಡ್ರಿ."

"ಮತ್ತ?"

"ಒಬ್ಬಾಕಿ ದನಿ ಇನ್ನೊಬ್ಬಾಕಿಗೆ ಮುಟ್ಟಬಾರದು, ಅಷ್ಟ ದೂರ ದೂರ. ಒಬ್ಬೊಬ್ಬಾಕೀನ ಅಳೀಲಿ ಆ ಸಾಹೇಬ."

"ಯವ್ವಾ, ನಿನ್ನ ದನಿ ಮುಟ್ಟಲಾರದಷ್ಟು ದೂರ ಅಂದ್ರ ನಾ ಕುಪ್ಪೇಲೂರಿಗೆ ಹೋಗಿ ನಿಂದ್ರಬೇಕಾಗತೈತಿ."

ಮರುದಿನ ಮುಷ್ಕರ ಊರ ತುಂಬ ಹರಡಿತು. ಒಬ್ಬಳು ಕೋಲ್ಡ್ ಸ್ಟೋರೇಜಿನ ಗೇಟಿಗೆ, ಒಬ್ಬಳು ತಿರುವಿಗೆ, ಒಬ್ಬಳು ಹಿಟ್ಟಿನ ಗಿರಣಿಗೆ. ಹೀಗೆ ಮಾರ್ಕೆಟ್ಟು ಸುತ್ತಿ, ಸ್ಟೇಷನ್ ದಾಟಿ, ಮೋಟೆಬೆನ್ನೂರು ರಸ್ತೆಯವರೆಗೆ ಹೆಂಗಸರು ಒಂಟೊಂಟಿಯಾಗಿ ನಿಂತು ಕೂಗತೊಡಗಿದರು. ನೂರು ಮಂದಿ, ನೂರು ಚಳವಳಿ. ಸಾವ್ಕಾರ ಮತ್ತೆ ಫೋನ್ ಮಾಡಿದ. ಗುರುರಾಜ ಮತ್ತೆ ಬಂದ. ನಿಯತ್ತಿನ ಮನುಷ್ಯ, ಒಬ್ಬಳನ್ನೂ ಬಿಡುವ ಹಾಗಿಲ್ಲ. ಪ್ರತಿಯೊಬ್ಬಳಿಂದ ಒಂದು ಮೀಟರ್ ದೂರ ನಿಂತು, ಕೈ ಚಾಚಿ, ಉಂಡೆ ಮುಂದೆ ಹಿಡಿದು ಅಳೆಯುತ್ತ ನಡೆದ.

ಎದುರಿಗೆ ಹೀಗೆ ಯಾರೋ ಕೈ ಚಾಚಿ ಕೇಳುತ್ತ ನಿಂತದ್ದು ಆ ಹೆಂಗಸರ ಜನ್ಮದಲ್ಲಿ ಅದೇ ಮೊದಲು. ನೆರಳಿನ ಮಾತು ಎರಡೇ ಕೂಗಿಗೆ ಮುಗಿಯಿತು. ಆಮೇಲೆ ಒಬ್ಬಳು ಅತ್ತೆಯನ್ನು ಬೈದಳು. ಒಬ್ಬಳು ರೇಷನ್ನಿನ ಅಕ್ಕಿಯಲ್ಲಿ ಬಂದ ಹುಳದ ವರದಿ ಒಪ್ಪಿಸಿದಳು. ಗಿರಣಿಯ ಹತ್ತಿರದವಳು ಕಳೆದುಹೋದ ಆಡಿನ ಗುರುತು ಹೇಳಿದಳು, "ಎಡಗಿವಿ ಸೀಳೈತ್ರಿ, ಕಂಡ್ರ ಹೇಳ್ರಿ!" ಎಲ್ಲವನ್ನೂ ಎಂಬತ್ತಕ್ಕೆ ಕಡಿಮೆ ಇಲ್ಲದಂತೆ ಹೇಳಿದರು. ಗುರುರಾಜ ಎಲ್ಲರಿಗೂ "ಹೂಂನ್ರಿ, ಆತ್ರಿ" ಎನ್ನುತ್ತ, ತಲೆಗೆ ಕರವಸ್ತ್ರ ಹಾಕಿಕೊಂಡು ನಡೆದ. ಸೂರ್ಯ ನೆತ್ತಿಗೆ ಬಂದ. ಸ್ಟೇಷನ್ನಿನ ಹತ್ತಿರ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಯ ಹೆಂಗಸನ್ನು ಮುಗಿಸಿ ತಿರುಗಿ ಗೇಟಿನ ಹತ್ತಿರ ಬರುವಷ್ಟರಲ್ಲಿ ಹೊತ್ತು ವಾಲಿತ್ತು, ಅವನಿಗೆ ಒಂದು ರಸ್ತೆ ಎರಡಾಗಿ ಕಾಣುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಕಚೇರಿಯ ಮುಖ್ಯಸ್ಥೆ ಹರಿಪ್ರಿಯಾ ಮೇಡಂ ಫೋನ್ ಮಾಡಿದರು. ಮೇಲಿನವರು ಕೇಳುತ್ತಿದ್ದಾರೆ, ಒಟ್ಟು ಎಷ್ಟು ಬಂತು?

ಡೆಸಿಬಲ್ಲನ್ನು ಕೂಡಿಸಬಾರದೆಂದು ಗುರುರಾಜನಿಗೆ ಗೊತ್ತಿರಲಿಲ್ಲವೆಂದಲ್ಲ. ಎರಡು ದಿನದ ಹಿಂದೆ ಅವನೇ ಹೇಳಿಕೊಟ್ಟಿದ್ದ. ಆದರೆ ತಲೆಯೊಳಗೆ ಹುರಿಗಡಲೆ ಸಿಡಿಯುತ್ತಿತ್ತು. ಎಂಬತ್ತು ನೂರಲೆ ಎಂದು ಗುಣಿಸಿ, "ಎಂಟು ಸಾವಿರ ರೀ ಮೇಡಂ," ಅಂದವನೇ ರಸ್ತೆಯ ಮೇಲೆ ಕುಸಿದ. ಹೊಳಿಯವ್ವ ಮತ್ತು ಗದಿಗೆವ್ವ ಓಡಿಬಂದು, ಎಮ್ಮೆಯನ್ನು ಎಬ್ಬಿಸಿ, ಕೊಡೆಯ ನೆರಳಿನಲ್ಲಿ ಅವನನ್ನು ಮಲಗಿಸಿ ಮುಖಕ್ಕೆ ನೀರು ಹೊಡೆದರು.

ಅಂಕಿ ಅಷ್ಟರಲ್ಲಿ ಹಾವೇರಿ ದಾಟಿ ಮೇಲೆ ಹೋಗಿತ್ತು. ನೂರಾ ಮೂವತ್ತಕ್ಕೆ ಮನುಷ್ಯನ ಕಿವಿ ನೋಯುತ್ತದೆ. ಇನ್ನೂರು ಎಂದರೆ ಕಟ್ಟಡ ಉಳಿಯುವುದಿಲ್ಲ. ಎಂಟು ಸಾವಿರ ಎಂದರೆ ಏನಾಗುತ್ತದೆಂದು ಬರೆದ ಪುಸ್ತಕವೇ ಇಲ್ಲ, ಯಾಕೆಂದರೆ ಅಷ್ಟಾದ ಮೇಲೆ ಬರೆಯಲಿಕ್ಕೆ ಯಾರೂ ಉಳಿದಿರುವುದಿಲ್ಲ. ಮೇಲಿನವರು ಗಾಬರಿಯಾಗಿ ರಾಣೇಬೆನ್ನೂರಿಗೆ ಫೋನ್ ಹಚ್ಚಿದರು. ಅಲ್ಲಿ ಏನಾದರೂ ಬಿದ್ದಿದೆಯೇ?

"ಏನೂ ಬಿದ್ದಿಲ್ರಿ," ಎಂದಿತು ರಾಣೇಬೆನ್ನೂರು.

ಅಂದರೆ ಶಬ್ದ ಇನ್ನೂ ದಾರಿಯಲ್ಲಿದೆ ಎಂದು ಮೇಲೆ ತೀರ್ಮಾನವಾಯಿತು. ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಶಬ್ದ ಮುಟ್ಟಲು ಒಂದು ನಿಮಿಷ ಸಾಕೆಂದು, ಈಗಾಗಲೇ ಎರಡು ತಾಸು ಕಳೆದಿದೆಯೆಂದು ಒಬ್ಬ ಬುದ್ಧಿವಂತ ಹೇಳಿದ. "ಬಸ್ಸು ತಡಾ ಆಗಂಗಿಲ್ಲೇನ್ರಿ? ಇದೂ ಆಗಿರ್ತದ," ಎಂದು ಅವನನ್ನು ಕೂರಿಸಿದರು. ರಾಣೇಬೆನ್ನೂರಿನಲ್ಲಿ ಸುದ್ದಿ ಹಬ್ಬಿ, ಮಂದಿ ಕಿವಿಗೆ ಅರಳೆ ತುರುಕಿಕೊಂಡು ಬ್ಯಾಡಗಿ ರಸ್ತೆಯ ಎರಡೂ ಬದಿಗೆ ನಿಂತು ಶಬ್ದ ಬರುವುದನ್ನು ಸಂಜೆಯ ತನಕ ಕಾದರು. ಕಡಲೆಕಾಯಿ ಮಾರುವವನಿಗೆ ಒಳ್ಳೆ ವ್ಯಾಪಾರವಾಯಿತು. ಕಿವಿಯಲ್ಲಿ ಅರಳೆ ಇದ್ದದ್ದರಿಂದ ಶಬ್ದ ಬಂದು ಹೋದದ್ದು ನಮಗೇ ತಿಳಿಯಲಿಲ್ಲವೇನೋ ಎಂದುಕೊಂಡು ಮನೆಗೆ ಹೋದರು.

ಗುರುರಾಜನಿಗೆ ಸುಧಾರಿಸಲು ಎರಡು ದಿನ ಹಿಡಿಯಿತು. ಸೀದಾ ಹೋಗಿ ಹರಿಪ್ರಿಯಾ ಮೇಡಂ ಮುಂದೆ ತಪ್ಪೊಪ್ಪಿಕೊಂಡ. "ಹಂಗ ಕೂಡಿಸಬಾರದಿತ್ರಿ. ಭಾಳಂದ್ರ ನೂರು ಆಗ್ತದ."

"ಎಂಟು ಸಾವಿರ ಅಂತ ನಾ ಮ್ಯಾಲೆ ಹೇಳೇನ್ರಿ. ಈಗ ನೂರು ಅಂದ್ರ ಉಳದ ಏಳು ಸಾವಿರದ ಒಂಬೈನೂರು ಎಲ್ಲಿಟ್ರಿ ಅಂತ ನನಗ ಕೇಳ್ತಾರ. ಏನ್ ಹೇಳ್ಲಿ? ಕಿಸೆದಾಗ ಇಟ್ಕೊಂಡೇನಿ ಅನ್ಲೇನು?"

ಇಳಿಸುವ ಹಾದಿ ಇರಲಿಲ್ಲ. ಪರಿಹಾರ ಮಾಡುವುದೊಂದೇ ಉಳಿದದ್ದು. ಆದೇಶ ಬಂತು: ಶಬ್ದ ಹುಟ್ಟುವ ಜಾಗಕ್ಕೆ, ಅಂದರೆ ಹೆಂಗಸರಿಗೆ, ಮಾಲೀಕನೇ ದಪ್ಪನೆಯ ಚಾವಣಿ ಹೊದಿಸಬೇಕು. ರಸ್ತೆಯ ಕಡೆಗೂ ಎರಡು ಮಗ್ಗುಲಿಗೂ ಗೋಡೆ, ಹಿತ್ತಲ ಕಡೆ ಮಾತ್ರ ಬಯಲು. ಒಳಮೈಗೆಲ್ಲ ದನಿ ಹೀರುವ ಮೆತ್ತೆ. ತಡ ಮಾಡಿದರೆ ಕೋಲ್ಡ್ ಸ್ಟೋರೇಜಿಗೆ ಬೀಗ.

ಪ್ರಭುಲಿಂಗಪ್ಪ ಎದೆ ಬಡಿದುಕೊಂಡ. "ನೆರಳು ಕೊಡಂಗಿಲ್ಲ ಅಂದಾಂವ ನಾನು, ಮೇಡಂ! ಈಗ ಶಬ್ದಕ್ಕ ಮನಿ ಕಟ್ಟಸು ಅಂತೀರಲ್ಲ!"

"ನೆರಳು ಯಾರ್ ಕೇಳ್ಯಾರ್ರಿ? ನೆರಳು ನಮ್ಮ ಇಲಾಖೆಗೆ ಬರಂಗಿಲ್ಲ," ಎಂದರು ಮೇಡಂ.

ಯುಗಾದಿಯ ಹೊತ್ತಿಗೆ ಚಾವಣಿ ಎದ್ದಿತು. ಬೀರವ್ವ ಕೂಸನ್ನು ಕರೆದುಕೊಂಡು ಬಂದು, ತೊಲೆಗೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿ, ರಾಶಿಯ ಮುಂದೆ ಕೂತಳು. ಹೊಳಿಯವ್ವ ಸುತ್ತ ನೋಡಿ, ಖುಷಿಗೆ ಒಂದು ಕೂಗು ಹಾಕಿದಳು. ಕೂಗು ಬಾಯಿಂದ ಹೊರಟು ಮೆತ್ತೆಗೆ ಬಿದ್ದು ಅಲ್ಲೇ ಸತ್ತಿತು. ಬಾವಿಗೆ ಕಲ್ಲು ಹಾಕಿ ಸಪ್ಪಳ ಕೇಳದವಳ ಹಾಗೆ ಆಕೆ ಪೆಚ್ಚಾಗಿ ನಿಂತಳು.

"ಯಾಕ, ದನಿ ಹೋತೇನು?" ಎಂದಳು ಗದಿಗೆವ್ವ.

"ಹೋಗ್ಲಿ ಬಿಡು. ಬಿಸಲೂ ಹೋತಲ್ಲ."

ಆದರೆ ಆದೇಶದಲ್ಲಿ ಇನ್ನೊಂದು ಮಾತಿತ್ತು. ತಿಂಗಳಿಗೊಮ್ಮೆ ಬಂದು ಪರೀಕ್ಷೆ ಮಾಡಬೇಕು. ಒಳಗೆ ಶಬ್ದವೇ ಇಲ್ಲವೆಂದಾದರೆ ಚಾವಣಿಯ ಅವಶ್ಯಕತೆ ಮುಗಿಯಿತೆಂದು ತಿಳಿದು ಬಿಚ್ಚಿಸಬೇಕು. ಪ್ರಭುಲಿಂಗಪ್ಪ ಇದನ್ನು ಬಾಯಿಪಾಠ ಮಾಡಿಕೊಂಡಿದ್ದ. ಮೊದಲ ಪರೀಕ್ಷೆಗೆ ಮೇಡಂ, ಗುರುರಾಜ ಮತ್ತು ಕಚೇರಿಯ ಒಂದಷ್ಟು ಮಂದಿ ಜೀಪಿನಲ್ಲಿ ಬಂದು ರಸ್ತೆಯ ಗೋಡೆಯ ಆಚೆ ನಿಂತರು. ಒಳಗೆ ನೂರು ಮಂದಿ ಕೂಗಿದರು. ಹೊರಗೆ ಮೀಟರಿನಲ್ಲಿ ರಸ್ತೆಯ ಟ್ರಾಕ್ಟರಿನದೇ ದನಿ.

"ನೋಡ್ರಿ, ಒಳಗ ಸಪ್ಪಳಾನ ಇಲ್ಲ," ಎಂದ ಸಾವ್ಕಾರ. "ನಾಳೆ ಬಿಚ್ಚಸ್ತೇನಿ."

"ಚಾವಣಿ ಚಲೋ ಇದ್ರೂ ಸಪ್ಪಳ ಬರಂಗಿಲ್ಲ, ಅವರು ಸುಮ್ಮಿದ್ರೂ ಬರಂಗಿಲ್ಲ," ಎಂದ ಗುರುರಾಜ. "ಹೊರಗ ನಿಂತ್ರ ತಿಳಿಯೂದಿಲ್ರಿ."

ಹೀಗಾಗಿ ಎಲ್ಲರೂ ಒಳಗೆ ಬಂದರು. ಏಪ್ರಿಲ್ ಬಿಸಿಲಿನಿಂದ ಬಂದವರಿಗೆ ಒಳಗಿನ ತಂಪು ತಗುಲಿದ್ದೇ ತಡ, ಮೇಡಂ "ಒಂದಽ ನಿಮಿಷ" ಎಂದು ತಟ್ಟಿನ ಮೇಲೆ ಕೂತರು. ಕಚೇರಿಯ ಮಂದಿ ಕೂತರು. ಡ್ರೈವರ್ ಒರಗಿದ. ಸಾವ್ಕಾರನೂ ಟೋಪಿ ತೆಗೆದು ಗಾಳಿ ಬೀಸಿಕೊಳ್ಳುತ್ತ ಕೂತ. ಚಹಾ ಬಂತು. ಯಾರೋ ಗೊರಕೆ ಹೊಡೆಯತೊಡಗಿದರು. ಅವರು ಕಾಲು ಚಾಚಿದ ಹಾಗೆಲ್ಲ ಹೆಂಗಸರು ರಾಶಿ ಎಳೆದುಕೊಂಡು ಸರಿದು ಸರಿದು, ಕೊನೆಗೆ ಬೀರವ್ವನ ಅರ್ಧ ಮೈ ಬಿಸಿಲಿಗೆ ಬಂತು.

ಹೊಳಿಯವ್ವ ಎದ್ದು ನಿಂತಳು. ಕಾಯಿ ಹಿಡಿದ ಕೈ ಟೊಂಕಕ್ಕೆ ಹೋಯಿತು.

"ಏಳ್ರಿ ಎಲ್ಲಾರೂ!"

ಮೆತ್ತೆಗಳು ಈ ಸಲ ಕೆಲಸಕ್ಕೆ ಬರಲಿಲ್ಲ. ಗೊರಕೆ ನಿಂತಿತು. ಚಹಾ ಚೆಲ್ಲಿತು. ಗುರುರಾಜ ನಿದ್ದೆಗಣ್ಣಿನಲ್ಲೇ ಮೀಟರು ನೋಡಿ, "ನೂರಾ ನಾಲ್ಕು, ಮೇಡಂ," ಎಂದ.

"ಸಾಕ್ರಿ, ಸಾಕ್ರಿ," ಎಂದರು ಮೇಡಂ ಸೆರಗು ಝಾಡಿಸಿಕೊಳ್ಳುತ್ತ. "ಶಬ್ದ ಅದ. ಚಾವಣಿ ಇರ್ಲಿ. ಈ ತಿಂಗಳದು ಮುಗೀತು."

"ನಿಮ್ಮದು ಮುಗದಿರಬೇಕ್ರಿ ಮೇಡಂ. ನಮ್ಮ ಹುಡಿಗಿ ಬಿಸಲಾಗ ಕುಂತಾಳ, ಸರೀರಿ."

"ಅಲ್ಲಬೇ, ನಾವು ಕುಂದ್ರೂದೆಲ್ಲಿ?" ಎಂದ ಪ್ರಭುಲಿಂಗಪ್ಪ, ತನ್ನದೇ ಜಾಗದಲ್ಲಿ ಎದ್ದು ನಿಂತು.

"ನಾವು ಇಷ್ಟು ವರ್ಷ ಎಲ್ಲಿ ಕುಂತಿದ್ವಿ, ಅಲ್ಲೇ," ಎಂದು ಹೊಳಿಯವ್ವ ಬಯಲಿನ ಕಡೆ ಕೈ ತೋರಿಸಿದಳು. ಅವರು ಒಬ್ಬೊಬ್ಬರೇ ಹೊರಟರು. ಬೀರವ್ವ ತನ್ನ ರಾಶಿಯನ್ನು ಒಳಗೆ ಎಳೆದುಕೊಂಡಳು. ಕೂಸು ಎದ್ದು ಅಳುತ್ತಿತ್ತು. ಅದನ್ನು ಅಳೆಯಲಿಕ್ಕೆ ಯಾರೂ ನಿಲ್ಲಲಿಲ್ಲ.